ಎರಡು ಸಾವಿರದ ಐನೂರ ಇಪ್ಪತ್ತೊಂದನೇ ಕುರ್ಚಿ

ಶಾಮಿಯಾನದ ಕೆಲಸಕ್ಕೆ ಹೊಸದಾಗಿ ಸೇರುವವರು ಈಗಲೂ ನನ್ನ ಹತ್ತಿರ ಬಂದು, "ಓಬಕ್ಕ, ಈ ಕೆಲಸದಾಗೆ ಕಷ್ಟದ್ದು ಯಾವ್ದು?" ಎಂದು ಕೇಳುತ್ತಾರೆ. ಬಿಸಿಲೇ, ಗಾಳಿಯೇ, ತಳ ಹತ್ತಿದ ಹಂಡೆ ಉಜ್ಜುವುದೇ ಎಂದು ಅವರೇ ಒಂದೊಂದನ್ನು ಹೆಸರಿಸುತ್ತಾರೆ. ಅವೆಲ್ಲ ಮೈಗೆ ಕಷ್ಟ, ಬಿಸಿನೀರು ಹುಯ್ದುಕೊಂಡರೆ ಹೋಗುತ್ತವೆ. ನಿಜವಾದ ಕಷ್ಟ ಕುರ್ಚಿಯದು. ಒಂದೇ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ನನ್ನ ತಮ್ಮನ ಬದುಕನ್ನು ಹೇಗೆ ಅಡ್ಡಾದಿಡ್ಡಿ ಮಾಡಿತು, ಅದರಲ್ಲಿ ನನ್ನ ಕೈ ಎಷ್ಟಿತ್ತು ಎನ್ನುವುದನ್ನು ಬರೆದಿಟ್ಟರೆ ಮುಂದಿನವರಿಗೆ ಉಪಯೋಗವಾದೀತು. ಆಗದಿದ್ದರೆ ನಕ್ಕಾದರೂ ನಕ್ಕಾರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಗ್ಗಿ ಏಳರವರೆಗೆ ಬರುತ್ತದೆ. ಎಂಟರ ಮಗ್ಗಿ ಶುರುವಾಗುವ ಹೊತ್ತಿಗೆ ನನ್ನ ತಮ್ಮ ಪಾಲಯ್ಯ ಹುಟ್ಟಿದ. ಅವ್ವ ಶೇಂಗಾ ಬಿಡಿಸುವ ಕೂಲಿಗೆ ಹೋಗಬೇಕಿತ್ತು, ಕೂಸನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು. ನನ್ನ ಸ್ಲೇಟು ಅಟ್ಟಕ್ಕೆ ಹೋಯಿತು, ತಮ್ಮ ಸೊಂಟಕ್ಕೆ ಬಂದ. ನನ್ನ ಎಂಟರ ಮಗ್ಗಿಯನ್ನು ತಿಂದವನು ಇವನೇ ಎಂಬ ಸಿಟ್ಟು ಒಳಗೆಲ್ಲೋ ಉಳಿಯಿತು. ಮುಂದೆ ಹೇಳುವುದರಲ್ಲಿ ಆ ಸಿಟ್ಟಿನ ಪಾಲೂ ಇದೆ.

ಚಳ್ಳಕೆರೆಯಲ್ಲಿ ಮುಚ್ಚಿಹೋದ ಒಂದು ಎಣ್ಣೆ ಮಿಲ್ಲಿನಲ್ಲಿ ನಮ್ಮ ಅಂಗಡಿ. ಯಜಮಾನರು ಖಾದರ್ ಸಾಹೇಬರು. ಮಿಲ್ಲು ನಿಂತು ಎಷ್ಟೋ ವರ್ಷವಾಗಿದ್ದರೂ ನೆಲ ಮಾತ್ರ ಎಣ್ಣೆ ಬಿಡುತ್ತಲೇ ಇತ್ತು. ಹೊಸಬರು ಮೊದಲ ದಿನ ಜಾರಿ ಬೀಳದೆ ಮನೆಗೆ ಹೋದದ್ದಿಲ್ಲ. ಬಿದ್ದವರಿಗೆ ಸಾಹೇಬರು ಟೀ ತರಿಸಿ, "ಬಿದ್ದಿಯಲ್ಲ, ಇನ್ನು ನೀನು ನಮ್ಮೋನು" ಎನ್ನುತ್ತಿದ್ದರು. ಪಾತ್ರೆ ತೊಳೆಯುವುದು, ಹರಿದ ಬಟ್ಟೆ ಹೊಲಿಯುವುದು, ಕುರ್ಚಿ ಒರೆಸುವುದು ನನ್ನ ಕೆಲಸ. ಪಾಲಯ್ಯ ದೊಡ್ಡವನಾದ ಮೇಲೆ ನಾನೇ ಕರೆತಂದು ಸೇರಿಸಿದೆ. ಕಂಬ ನಿಲ್ಲಿಸುವುದು, ಕುರ್ಚಿ ಹಾಕಿಸುವುದು, ಎತ್ತಿಸುವುದು ಅವನ ಪಾಲಿಗೆ ಬಂತು.

ಮೊದಲು ಇದ್ದವು ಮಡಚುವ ಕಬ್ಬಿಣದ ಕುರ್ಚಿಗಳು. ಅವು ಕೂರುವಾಗ ಒಂದು ಕಡೆ ಕಚ್ಚುತ್ತಿದ್ದವು, ಏಳುವಾಗ ಇನ್ನೊಂದು ಕಡೆ. ಒಮ್ಮೆ ದೊಡ್ಡಉಳ್ಳಾರ್ತಿಯ ಸಭೆಯೊಂದರಲ್ಲಿ ಭಾಷಣಕ್ಕೆ ಎದ್ದ ದೊಡ್ಡ ಮನುಷ್ಯರ ಪಂಚೆ ಕುರ್ಚಿಯ ಮಡಿಕೆಗೆ ಸಿಕ್ಕಿಕೊಂಡು, ಅವರ ಜೊತೆ ಕುರ್ಚಿಯೂ ಮೈಕಿನವರೆಗೆ ನಡೆಯಿತು. ಬಿಡಿಸಿಕೊಂಡರೆ ಏನು ಉಳಿಯುತ್ತದೋ ಎಂಬ ಭಯಕ್ಕೆ ಅವರು ಕುರ್ಚಿ ಸಮೇತವೇ ಭಾಷಣ ಮುಗಿಸಿದರು. ಜನ ಚಪ್ಪಾಳೆ ತಟ್ಟಿದ್ದು ಮಾತಿಗೋ ಕುರ್ಚಿಗೋ ನನಗೆ ಇಂದಿಗೂ ಗೊತ್ತಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿ ಬಂದವು. ಸಾಹೇಬರು ಹತ್ತರ ಕಟ್ಟಿನಂತೆ ಇನ್ನೂರೈವತ್ತು ಕಟ್ಟು ಇಳಿಸಿಕೊಂಡರು. ಎರಡು ಸಾವಿರದ ಐನೂರು. ಅವುಗಳ ಬೆನ್ನಿಗೆ ಬಿಳಿ ಬಣ್ಣದಲ್ಲಿ ಗುಬ್ಬಿಯ ಗುರುತು ಹಾಕುವುದು ನನ್ನ ಕೆಲಸವಾಯಿತು. ಅದು ಗುಬ್ಬಿಯಲ್ಲ, ನವಿಲು. ಸಾಹೇಬರ ಮಗಳು ಬರೆದ ಚಿತ್ರ. ತಗಡಿನ ಅಚ್ಚು ಕೊರೆಯುವವನ ಕೈಯಲ್ಲಿ ಬಾಲ ಹೋಗಿ ಗುಬ್ಬಿಯಾಯಿತು.

ಇನ್ನು ನಮ್ಮ ಅಂಗಡಿಯ ಪದ್ಧತಿ ಹೇಳಬೇಕು. ಸಾಹೇಬರು ಕುರ್ಚಿಯನ್ನು ಒಂದೊಂದಾಗಿ ಎಣಿಸಲು ಬಿಡುತ್ತಿರಲಿಲ್ಲ. ಇದ್ದದ್ದನ್ನು ಎಣಿಸಿದರೆ ಬರಕತ್ತು ಹೋಗುತ್ತದೆ ಎಂದು ಅವರ ಅಪ್ಪ ಹೇಳಿದ್ದರಂತೆ. ಅದಕ್ಕೆ ಬದಲು ಅಟ್ಟಿ ನೋಡುತ್ತಿದ್ದರು. ಕುರ್ಚಿಯ ಮೇಲೆ ಕುರ್ಚಿ ಕೂರಿಸಿದ್ದಕ್ಕೆ ನಾವು ಅಟ್ಟಿ ಎನ್ನುತ್ತೇವೆ. ಲಾರಿಯಲ್ಲಿ ಹತ್ತರ ಅಟ್ಟಿ. ಅಂಗಳದಲ್ಲಿ ನಮ್ಮಂಥ ಹೆಂಗಸರ ಕೈಗೆ ನಿಲುಕುವಂತೆ ಒಂಬತ್ತರದು. ಗೋದಾಮಿನ ಸೂರು ತಗ್ಗಿದ್ದ ಕಡೆ ಎಂಟರದು. ಟೆಂಪೋದಲ್ಲಿ ಏಳರದು. ಎಲ್ಲ ಪೇರಿಸಿದ ಮೇಲೆ ಕೊನೆಯ ಅಟ್ಟಿಯ ತಲೆ ಉಳಿದವುಗಳ ಸಮಕ್ಕೆ ಬಂದರೆ ಕುರ್ಚಿ ಪೂರ್ತಿ ಇವೆ ಎಂದು ಲೆಕ್ಕ. ಕುಳ್ಳಗಾದರೆ, ಕುಳ್ಳಗಾದಷ್ಟು ಕಳೆದಿವೆ ಎಂದು.

ಆದರೆ ಎರಡು ಸಾವಿರದ ಐನೂರು ಹೇಳಿದ ಮಾತು ಕೇಳುತ್ತಿರಲಿಲ್ಲ. ಹತ್ತರಲ್ಲಿ ಸಮ. ಏಳರಲ್ಲಿ ಹಾಕಿದರೆ ಒಂದು ಉಳಿಯುವುದು, ಎಂಟರಲ್ಲಿ ನಾಲ್ಕು, ಒಂಬತ್ತರಲ್ಲಿ ಏಳು. ಕಳೆದಿವೆಯೋ, ಇರುವುದೇ ಹಾಗೋ ತಿಳಿಯದೆ ಸಾಹೇಬರು ಊಟ ಬಿಟ್ಟರು. ಆಮೇಲೊಂದು ದೊಡ್ಡ ಮದುವೆಗೆ ಸಾಲದೆ ಎರಡು ಕಟ್ಟು ಹೆಚ್ಚಿಗೆ ತಂದರು ನೋಡಿ, ಚಮತ್ಕಾರ ಆಯಿತು! ಎರಡು ಸಾವಿರದ ಐನೂರ ಇಪ್ಪತ್ತು. ಏಳರಲ್ಲಿ ಹಾಕಿ, ಸಮ. ಎಂಟು, ಸಮ. ಒಂಬತ್ತು, ಸಮ. ಹತ್ತು, ಸಮ. ಎರಡು, ಮೂರು, ನಾಲ್ಕು, ಐದು, ಆರು, ಎಲ್ಲಕ್ಕೂ ಸಮ. ಸಾಹೇಬರು ಕಣ್ಣೊರೆಸಿಕೊಂಡು ಬೀದಿಗೆಲ್ಲ ಜಿಲೇಬಿ ಹಂಚಿದರು.

"ಇದು ಮೇಲಿನೋನು ಕೊಟ್ಟ ನಂಬರ್, ಓಬಕ್ಕ. ಒಂದು ಸೇರಿಸೋದು ನಕ್ಕೋ, ಒಂದು ತೆಗೆಯೋದೂ ಬೇಡ."

"ಹನ್ನೊಂದರಾಗೆ ಹಾಕಿದ್ರೆ ಒಂದು ಉಳಿತೈತೆ ಸಾಹೇಬ್ರೆ," ಎಂದ ಪಾಲಯ್ಯ. ಅವನಿಗೆ ಎಲ್ಲವನ್ನೂ ಮಾಡಿ ನೋಡುವ ಚಟ.

"ಹನ್ನೊಂದು ಶೈತಾನ್. ಅದರ ತಂಟೆಗೆ ಹೋಗ್ಬೇಡ." ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಹನ್ನೊಂದರ ಅಟ್ಟಿ, ಹನ್ನೊಂದರ ಸಾಲು ನಿಷೇಧ.

ಇನ್ನೊಂದು ಕಟ್ಟಳೆಯೂ ಇತ್ತು. ಕುರ್ಚಿ ಕಡಿಮೆ ತಂದರೆ ಬೈಗುಳ. ಹೆಚ್ಚು ತಂದರೆ ಕೆಲಸವೇ ಇಲ್ಲ. "ಕಮ್ಮಿ ತಂದ್ರೆ ನನ್ನ ಸಾಮಾನು ಹೋಗುತ್ತೆ. ಜಾಸ್ತಿ ತಂದ್ರೆ ನನ್ನ ಹೆಸರು ಹೋಗುತ್ತೆ," ಎನ್ನುತ್ತಿದ್ದರು ಸಾಹೇಬರು. ಯಾರದೋ ಮನೆಯ ಸೌಟು ನಮ್ಮ ಹಂಡೆಯಲ್ಲಿ ಬಂದಿತ್ತೆಂದು ಅಡುಗೆ ಸಾಮಾನಿನವನನ್ನು ಬಿಡಿಸಿದ್ದನ್ನು ನಾನೇ ಕಂಡಿದ್ದೆ. ಆ ಸೌಟನ್ನು ಸಾಹೇಬರು ತಾವೇ ಬಸ್ಸಿನಲ್ಲಿ ಎದೆಗೆ ಹಿಡಿದುಕೊಂಡು ಹೋಗಿ ಕೊಟ್ಟು ಬಂದಿದ್ದರು.

ಹೀಗಿರುವಾಗ ಮೊಳಕಾಲ್ಮೂರಿನಲ್ಲಿ ಇನ್ನೊಂದು ಅಂಗಡಿ ತೆರೆಯುವ ಯೋಚನೆ ಸಾಹೇಬರಿಗೆ ಬಂತು. ಅಲ್ಲಿ ಮಗ್ಗದ ಮನೆಗಳ ಮದುವೆ ಜೋರು. ಅಂಗಡಿಯನ್ನು ಪಾಲಯ್ಯನ ಕೈಗೆ ಕೊಡುತ್ತೇನೆ ಎಂದರು. ಪಾಲಯ್ಯ ಅವತ್ತು ಕುಣಿದ ಕುಣಿತಕ್ಕೆ ಎಣ್ಣೆ ನೆಲದಲ್ಲಿ ಎರಡು ಸಲ ಬಿದ್ದ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ನಾನು ಅವನಿಗಿಂತ ಎಷ್ಟೋ ವರ್ಷ ಮೊದಲು ಸೇರಿದವಳು. ಸೊಂಟದ ಮೇಲೆ ಹೊತ್ತ ಕೂಸು ನನ್ನ ತಲೆಯ ಮೇಲೆ ಯಜಮಾನನಾಗಿ ಕೂರುತ್ತದಲ್ಲ ಎನ್ನಿಸಿತು.

ಅದರ ಹಿಂದೆಯೇ ಮೊಳಕಾಲ್ಮೂರಿನಲ್ಲಿ ಲೆಕ್ಕದ ಮೇಷ್ಟ್ರೊಬ್ಬರ ಮಗಳ ಮದುವೆ ಬಂತು. ಕುರ್ಚಿ, ಶಾಮಿಯಾನ, ಪಾತ್ರೆ, ಎಲ್ಲ ನಮ್ಮವೇ. ಊಟದ ಮೇಲೆ ಗಾಳಿ ಎದ್ದಿತು. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಶಾಮಿಯಾನ ಹಿಡಿದವರನ್ನೂ ಕರೆದುಕೊಂಡು ಹೋಗುತ್ತದೆ. ಗಂಡಸರೆಲ್ಲ ಬಟ್ಟೆ ಹಿಡಿಯಲು ಓಡಿದರು. "ಅಕ್ಕ, ಹಿತ್ತಲಾಗಿನ ಚೇರೆಲ್ಲ ಲಾರಿಗೆ ಹಾಕ್ಸು!" ಎಂದು ಪಾಲಯ್ಯ ಕಂಬ ತಬ್ಬಿಕೊಂಡೇ ಕೂಗಿದ. ಹಾಕಿಸಿದೆ. ಕೆಂಪಗೆ ಕಂಡದ್ದನ್ನೆಲ್ಲ ಹಾಕಿಸಿದೆ.

ಮಾರನೆಯ ದಿನ ಅಂಗಳದಲ್ಲಿ ಕುರ್ಚಿ ಒರೆಸುವಾಗ ಒಂದರ ಬೆನ್ನಿಗೆ ಗುಬ್ಬಿ ಇರಲಿಲ್ಲ. ಕೂತು ನೋಡಿದೆ. "ಕೀಂಯ್" ಎಂದಿತು. ನಮ್ಮ ಕುರ್ಚಿ ಯಾವುದೂ ಹಾಗೆ ಅನ್ನುವುದಿಲ್ಲ. ಮೇಷ್ಟ್ರ ಮನೆಯದು. ಸೌಟಿನವನ ಮುಖ ಕಣ್ಣ ಮುಂದೆ ಬಂತು. ಆಗಲೇ ಹೋಗಿ ಹೇಳಿದ್ದರೆ ಸಾಹೇಬರು ಬಿಡುತ್ತಿದ್ದರೋ ಏನೋ. ನಾನು ಅತ್ತಿತ್ತ ನೋಡಿ, ಬಣ್ಣದ ಡಬ್ಬಿ ತೆಗೆದು, ಅಚ್ಚು ಇಟ್ಟು, ಆ ಕುರ್ಚಿಯ ಬೆನ್ನಿಗೂ ಒಂದು ಗುಬ್ಬಿ ಹೊಡೆದೆ. ಒಂದು ಕುರ್ಚಿ ಹೆಚ್ಚಾದರೆ ಅಷ್ಟು ಕುರ್ಚಿಗಳ ನಡುವೆ ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ಏಳರ ಮಗ್ಗಿಗೆ ನಿಂತವಳ ಬುದ್ಧಿ ಅಷ್ಟೇ.

ಆ ಮಧ್ಯಾಹ್ನ ಪಾಲಯ್ಯ ಒಂಬತ್ತರ ಅಟ್ಟಿ ಹಾಕಿಸಿದ. ಕೊನೆಗೆ ಒಂದೇ ಒಂದು ಕುರ್ಚಿ ಒಂಟಿಯಾಗಿ ನಿಂತಿತು.

ಸಾಹೇಬರು ಬಂದು ನೋಡಿದರು. "ಎಂಟು ಹೋಗಿದೆ."

"ಅಯ್ಯೋ, ಎಲ್ಲಾ ಹಾಕ್ಸಿದೀನಿ ಸಾಹೇಬ್ರೆ!"

"ಅಟ್ಟಿ ಸುಳ್ಳು ಹೇಳುತ್ತಾ? ಹುಡುಕು."

ಮುಂದಿನ ಮದುವೆಗೆ ಲಾರಿಗೆ ಹತ್ತರ ಅಟ್ಟಿ ಹಾಕಿದರು. ಮತ್ತೆ ಒಂದು ಉಳಿಯಿತು. "ಈಗ ಒಂಬತ್ತು ಹೋಗಿದೆ. ಮೊನ್ನೆ ಎಂಟು, ಇವತ್ತು ಒಂಬತ್ತು!" ಟೆಂಪೋದಲ್ಲಿ ಏಳರದು ಹಾಕಿದಾಗ ಆರು ಹೋಗಿತ್ತು. "ಮೂರು ವಾಪಸ್ ಬಂದವು ಸಾಹೇಬ್ರೆ," ಎಂದು ಪಾಲಯ್ಯ ಖುಷಿಪಟ್ಟ. ಗೋದಾಮಿನಲ್ಲಿ ಎಂಟರದು ಹಾಕಿದರೆ ಏಳು ಹೋಗಿತ್ತು. "ಅರೆ, ಒಂದು ಮತ್ತೆ ಓಡಿಹೋಯ್ತಾ? ಇವು ಚೇರೋ ಕೋಳಿಗಳೋ?" ಎಂದು ಸಾಹೇಬರು ತಲೆಯ ಮೇಲೆ ಕೈ ಹೊತ್ತರು.

ಪಾಲಯ್ಯ ಕಳೆದ ಕುರ್ಚಿ ಹುಡುಕಲು ಹೊರಟ. ನಾವು ಕುರ್ಚಿ ಕೊಟ್ಟಿದ್ದ ಊರುಗಳಲ್ಲಿ ಎಲ್ಲಿ ಏನು ಕಾರ್ಯವಿದ್ದರೂ ಇವನು ಹಾಜರು. ಕೂತವರ ಬೆನ್ನ ಹಿಂದೆ ಗುಬ್ಬಿ ಇದೆಯೇ ಎಂದು ನೋಡುವುದು. ತಳಕಿನಲ್ಲಿ ಒಂದು ನಾಮಕರಣಕ್ಕೆ ಹೋಗಿ ಒಬ್ಬ ಅಜ್ಜನಿಗೆ, "ಯಜಮಾನ್ರೆ, ಒಂಚೂರು ಮುಂದಕ್ಕೆ ಬಗ್ಗ್ರಿ," ಎಂದನಂತೆ.

"ಯಾಕಪ್ಪಾ?"

"ನಿಮ್ಮ ಹಿಂದೆ ಗುಬ್ಬಿ ಐತಾ ನೋಡ್ಬೇಕು."

"ಬಗ್ಗಿದ್ರೆ ಏಳಾಕಾಗಲ್ಲ ಕಣಪ್ಪಾ. ಗುಬ್ಬಿ ಇದ್ರೆ ಇರ್ಲಿ ಬಿಡು, ನಂಗೇನೂ ತೊಂದ್ರೆ ಮಾಡ್ತಿಲ್ಲ."

ಕುರ್ಚಿ ಸಿಗಲಿಲ್ಲ. ಊಟ ಮಾತ್ರ ಎಲ್ಲ ಕಡೆ ಸಿಕ್ಕಿತು. ಆ ತಿಂಗಳಲ್ಲಿ ಪಾಲಯ್ಯ ಸ್ವಲ್ಪ ದಪ್ಪಗಾದ.

ಕೊನೆಗೆ ಸಾಹೇಬರೇ ತಮ್ಮ ಅಪ್ಪನ ಮಾತು ಮುರಿದು, ಒಂದೊಂದಾಗಿ ಎಣಿಸಿಯೇ ಬಿಡೋಣ ಎಂದರು. ಸಾಹೇಬರು ಉರ್ದುವಿನಲ್ಲಿ, ಪಾಲಯ್ಯ ಕನ್ನಡದಲ್ಲಿ, ಗಡಿಯ ಕಡೆಯಿಂದ ಬಂದ ಲಾರಿ ಡ್ರೈವರ್ ತೆಲುಗಿನಲ್ಲಿ, ಮೂವರೂ ಒಟ್ಟಿಗೆ, ಗಟ್ಟಿಯಾಗಿ. "ಗ್ಯಾರಾ" ಎಂದು ಅವರು ಕೂಗಿದರೆ ಇವನಿಗೆ "ಹದಿನೇಳು" ಮರೆಯುವುದು. "ಪದ್ದೆನಿಮಿದಿ" ಎಂದು ಅವನು ಕೂಗಿದರೆ ಇವರು ಮತ್ತೆ ಮೊದಲಿನಿಂದ. ಸಂಜೆಗೆ ಮೂರು ಭಾಷೆಯಲ್ಲಿ ಮೂರು ಲೆಕ್ಕ ಬಂತು, ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆ ಇರಲಿಲ್ಲ. "ನಮ್ಮ ಅಬ್ಬಾ ಹೇಳಿದ್ದು ಇದಕ್ಕೇನೆ," ಎಂದು ಸಾಹೇಬರು ಕೈ ತೊಳೆದುಕೊಂಡರು. ಆಮೇಲೆ ಪಾಲಯ್ಯನ ಕಡೆ ತಿರುಗಿ, "ಕೊನೇ ಅಟ್ಟಿ ಸಮ ಮಾಡು. ಮಾಡಿದ ದಿನ ಮೊಳಕಾಲ್ಮೂರಿನ ಬೀಗದಕೈ ನಿಂದು. ಆಗದಿದ್ರೆ ಬೇರೆಯವರಿಗೆ," ಎಂದರು.

ನಾನು ಅಲ್ಲೇ ಕೂತು ಕುರ್ಚಿ ಒರೆಸುತ್ತಿದ್ದೆ. ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸಿದೆ.

ಪಾಲಯ್ಯನ ಚಟ ಈಗ ಹುಚ್ಚಾಯಿತು. ಹನ್ನೊಂದು ಹಾಕಿ ನೋಡಿದ, ಎರಡು ಉಳಿದವು. ಹನ್ನೆರಡರಲ್ಲಿ ಒಂದು ಉಳಿಯಿತು. ಹದಿಮೂರಕ್ಕೆ ಏಣಿ ಬೇಕಾಯಿತು. ಹದಿಮೂರರ ಅಟ್ಟಿ ಎಂದರೆ ನೋಡಲೂ ಭಯ, ಗಾಳಿ ಬಂದರೆ ಹೌದು ಹೌದು ಎಂದು ತಲೆಯಾಡಿಸುತ್ತದೆ. ಕೊನೆಯ ಅಟ್ಟಿಯಲ್ಲಿ ಹನ್ನೆರಡು ನಿಂತವು.

"ಸಾಹೇಬ್ರೆ! ಬರ್ರಿ ಬರ್ರಿ!" ಏಣಿಯ ಮೇಲಿಂದಲೇ ಕೂಗಿದ. "ಹದಿಮೂರರಾಗೆ ಹಾಕಿದ್ರೆ ಕಳ್ದಿರೋದು ಒಂದೇ ಚೇರು! ಇನ್ಮ್ಯಾಲೆ ಹದಿಮೂರೇ ಹಾಕಾಣ. ನಷ್ಟ ಕಮ್ಮಿ!"

"ಲೇ, ಹತ್ತು ಹಾಕಿದ್ರೆ ಒಂಬತ್ತು ಹೋಗೋದು, ಹದಿಮೂರು ಹಾಕಿದ್ರೆ ಒಂದು ಹೋಗೋದು ಹ್ಯಾಂಗೋ?"

"ಅದು ಗೊತ್ತಿಲ್ಲ ಸಾಹೇಬ್ರೆ. ಲಾಭ ಬರುವಾಗ ಯಾಕೆ ಕೇಳ್ಬೇಕು?" ಎಂದವನು ಉತ್ಸಾಹದಲ್ಲಿ ಒಂದು ಕೈ ಬಿಟ್ಟ. ಏಣಿ ಎಣ್ಣೆ ನೆಲದ ಮೇಲೆ ಮೆಲ್ಲಗೆ ಹೊರಟಿತು. ಒಂದು ಅಟ್ಟಿ ಇನ್ನೊಂದನ್ನು ತಳ್ಳಿ, ಅದು ಮತ್ತೊಂದನ್ನು ತಳ್ಳಿ, ಇಡೀ ಅಂಗಳ ಮಲಗಿತು. ಪಾಲಯ್ಯನ ಸೊಂಟ ಉಳುಕಿತು. ಅವನಿಗೆ ಬೆನ್ನು ನೀವಿ ಅರಿಶಿನದ ಪಟ್ಟು ಹಾಕಿದವಳು ನಾನೇ. "ಅಕ್ಕಾ, ಆ ಒಂದು ಚೇರು ಸಿಕ್ಕಿಬಿಟ್ರೆ ಸಾಕು ಕಣೆ," ಎನ್ನುತ್ತಿದ್ದ. ನನ್ನ ಕೈ ನೀವುತ್ತಿತ್ತು, ಬಾಯಿ ಹೊಲಿದುಕೊಂಡಿತ್ತು.

ಸೊಂಟ ನೆಟ್ಟಗಾಗುವ ಮೊದಲೇ ಅವನು ಒಂದು ಕೆಲಸ ಮಾಡಿದ. ಬಸ್ ಸ್ಟ್ಯಾಂಡ್ ಹತ್ತಿರದ ಕಟಿಂಗ್ ಶಾಪಿನಿಂದ ಅಂಥದ್ದೇ ಒಂದು ಕೆಂಪು ಕುರ್ಚಿಯನ್ನು ಕೇಳಿ ತಂದು, ಅದಕ್ಕೂ ಗುಬ್ಬಿ ಹೊಡೆದು ಸೇರಿಸಿದ. ಅಲ್ಲಿ ಕ್ಷೌರಕ್ಕೆ ಕಾಯುವವರು ನಿಂತೇ ಕಾಯುವಂತಾಯಿತು. ಹದಿಮೂರರ ಅಟ್ಟಿ ಸಮ ಬಂತು! ಸಾಹೇಬರು ಖುಷಿಯಾಗಿ, "ಎಲ್ಲಿ, ಒಂಬತ್ತರಲ್ಲಿ ಹಾಕು," ಎಂದರು. ಎರಡು ಉಳಿದವು. ಹತ್ತರಲ್ಲಿ, ಎರಡು. ಎಂಟರಲ್ಲಿ, ಎರಡು. ಏಳರಲ್ಲೂ ಎರಡು. ಪಾಲಯ್ಯ ಕುರ್ಚಿಯ ಮೇಲೆ ಕೂತು ಚಿಕ್ಕ ಹುಡುಗನಂತೆ ಅಳುವುದೊಂದು ಬಾಕಿ.

ಆ ಹೊತ್ತಿಗೆ ಸರಿಯಾಗಿ ಮಿಲ್ಲಿನ ಬಾಗಿಲಲ್ಲಿ ಮೊಳಕಾಲ್ಮೂರಿನ ಲೆಕ್ಕದ ಮೇಷ್ಟ್ರು ನಿಂತಿದ್ದರು.

"ನಮಸ್ಕಾರ ಸಾಹೇಬ್ರೆ. ಮದುವೆ ಗದ್ದಲದಾಗೆ ನಮ್ಮನೆ ಚೇರೊಂದು ಇಲ್ಲಿಗೇನಾದ್ರೂ ಬಂತಾ ಅಂತ ಕೇಳೋಕೆ ಬಂದೆ. ಹಳೇದೇ, ದೊಡ್ಡ ಬೆಲೆದೇನಲ್ಲ. ಆದ್ರೆ ಅದರ ಮ್ಯಾಲೆ ಕುಂತ್ರೇನೆ ನಂಗೆ ಲೆಕ್ಕ ಹತ್ತೋದು. ಅದು ಹೋದಾಗಿಂದ ಹುಡುಗರಿಗೆ ಭಿನ್ನರಾಶಿ ಹೇಳಕ್ಕಾಗಿಲ್ಲ."

"ನಮ್ಮದೇ ಕಳೆದು ಕೂತಿದೀವಿ ಮೇಷ್ಟ್ರೆ, ನಿಮ್ಮದು ಎಲ್ಲಿಂದ ಬರುತ್ತೆ?" ಎಂದು ಸಾಹೇಬರು ಏಳು, ಎಂಟು, ಒಂಬತ್ತು, ಹತ್ತರ ಕಥೆ ಪೂರಾ ಹೇಳಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು.

"ನಿಮ್ಮ ಮೂಲದ ಲೆಕ್ಕ ಎರಡು ಸಾವಿರದ ಐನೂರ ಇಪ್ಪತ್ತು ಅಂದ್ರಲ್ಲ?"

"ಹೌದು. ಮೇಲಿನೋನು ಕೊಟ್ಟ ನಂಬರ್."

"ಒಳ್ಳೇದೇ ಕೊಟ್ಟಿದಾನೆ. ಒಂದರಿಂದ ಹತ್ತರವರೆಗೆ ಎಲ್ಲದರಿಂದಲೂ ಶೇಷ ಇಲ್ದಂಗೆ ಭಾಗ ಹೋಗೋ ಸಂಖ್ಯೆಗಳಾಗೆ ಇದೇ ಎಲ್ಲಕ್ಕಿಂತ ಚಿಕ್ಕದು. ಇದಕ್ಕಿಂತ ಕಮ್ಮೀದು ಇಲ್ಲ. ಈಗ ಏಳು, ಎಂಟು, ಒಂಬತ್ತು, ಹತ್ತು, ಎಲ್ಲದಕ್ಕೂ ಎರಡೇ ಉಳೀತವೆ ಅಂದ್ರೆ ಎರಡೇ ದಾರಿ ಸಾಹೇಬ್ರೆ. ಒಂದೋ, ನಿಮ್ಮ ಹತ್ರ ಎರಡು ಚೇರು ಜಾಸ್ತಿ ಅವೆ. ಇಲ್ಲಾ, ಎರಡು ಸಾವಿರದ ಐನೂರ ಹದಿನೆಂಟು ಕಳೆದುಹೋಗಿ ಇಲ್ಲಿ ಬರೀ ಎರಡೇ ಉಳಿದಾವೆ." ಕಣ್ಣು ಬಿಟ್ಟು ಅಂಗಳವನ್ನೊಮ್ಮೆ ನೋಡಿದರು. "ನಂಗೆ ಎರಡಕ್ಕಿಂತ ಜಾಸ್ತಿ ಕಾಣ್ತಾವೆ."

ಜಾಸ್ತಿ ಎಂಬ ಮಾತು ಕೇಳಿದ್ದೇ ಸಾಹೇಬರು, "ತೌಬಾ ತೌಬಾ," ಎಂದು ಕೆನ್ನೆ ಬಡಿದುಕೊಂಡರು.

"ಅದರಾಗೊಂದು ನಂದೇ ಇರ್ಬೇಕು," ಎಂದು ಮೇಷ್ಟ್ರು ಹುಡುಕಲು ಶುರು ಮಾಡಿದರು. ಹುಡುಕುವುದೆಂದರೆ ಕೂರುವುದು. ಅಟ್ಟಿಯಿಂದ ಒಂದನ್ನು ಇಳಿಸಿ, ಅದರಲ್ಲಿ ಕೂತು, ಕಿವಿಗೊಟ್ಟು ಕೇಳಿ, "ಅಲ್ಲ," ಎಂದು ಎದ್ದು ಮುಂದಿನದರಲ್ಲಿ ಕೂರುವುದು. ಹೀಗೆ ಇವರು ಎಷ್ಟು ಕೂತಾರು! ಬಿಸಿಲಿಗೆ ಅವರ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. ಗೋಡೆಯ ಪಕ್ಕದ ಅಟ್ಟಿಯಲ್ಲಿ ನಾನು ಗುರುತಿಟ್ಟುಕೊಂಡಿದ್ದ ಕುರ್ಚಿಯನ್ನು ಇಳಿಸಿ, ಮೆಲ್ಲಗೆ ಕಾಲಿನಿಂದ ಅವರ ದಾರಿಗೆ ತಳ್ಳಿದೆ. ಕೂತರು. "ಕೀಂಯ್."

"ಇದೇ! ಇದೇ ನನ್ನ ಚೇರು!" ಮೇಷ್ಟ್ರು ಏಳಲೇ ಇಲ್ಲ. ಅದರ ಮೇಲೆ ಕೂತೇ ಉತ್ಸಾಹದಿಂದ ಲೆಕ್ಕ ಬಿಡಿಸತೊಡಗಿದರು. "ಇದೊಂದೇ ಸೇರಿದ್ದಾಗ ಇಪ್ಪತ್ತೊಂದಾಗಿತ್ತು ನೋಡಿ. ಎರಡು ಸಾವಿರದ ಐನೂರ ಇಪ್ಪತ್ತೊಂದು ಅವಿಭಾಜ್ಯ ಸಂಖ್ಯೆ ಸಾಹೇಬ್ರೆ! ಒಂದು ಮತ್ತೆ ಅದೇ ಸಂಖ್ಯೆ ಬಿಟ್ರೆ ಬೇರೆ ಯಾವುದರಿಂದ್ಲೂ ಭಾಗ ಹೋಗಲ್ಲ. ತಲೆಕೆಳಗಾಗಿ ನಿಂತು ಪೇರಿಸಿದ್ರೂ ಸಮ ಬರ್ತಿರಲಿಲ್ಲ. ಎಲ್ಲಾ ಚೇರನ್ನೂ ಒಂದೇ ಸಾಲಿನಾಗೆ ಹಾಕ್ಬೇಕಿತ್ತು. ಮದುಮಗಳು ಚಳ್ಳಕೆರೆ ಊರೊಳಗಿದ್ರೆ ಕೊನೇ ನೆಂಟ ಊರಾಚೆ ಹೊಲದಾಗೆ ಕೂರ್ಬೇಕಿತ್ತು."

ಸಾಹೇಬರು ನಗಲಿಲ್ಲ. ಕುರ್ಚಿಯ ಬೆನ್ನಿನ ಗುಬ್ಬಿಯನ್ನು ನೋಡುತ್ತಿದ್ದರು. "ಬೇರೆಯವರ ಚೇರಿಗೆ ನಮ್ಮ ಗುರುತು ಯಾರು ಹಾಕಿದ್ದು?"

ಪಾಲಯ್ಯ ತಲೆ ತಗ್ಗಿಸಿ ಮುಂದೆ ಬಂದ. "ಸಾಹೇಬ್ರೆ, ಕಟಿಂಗ್ ಶಾಪಿಂದು ನಾನೇ ತಂದಿದ್ದು. ಅದಕ್ಕೆ ಗುಬ್ಬಿ ಹೊಡೆದವನೂ ನಾನೇ. ಇದು ಮಾತ್ರ ನಂಗೆ ಗೊತ್ತಿಲ್ಲ. ಅವ್ವನಾಣೆ."

"ಒಂದು ತಂದವನು ಇನ್ನೊಂದು ತರಲ್ವಾ?"

ಬಣ್ಣದ ಡಬ್ಬಿ ನನ್ನ ಪಕ್ಕದಲ್ಲೇ ಇತ್ತು. ಅಚ್ಚು ನನ್ನ ಸೆರಗಿನ ಕೆಳಗಿತ್ತು. ಬಾಯಿ ತೆರೆದಿದ್ದರೆ ಎರಡು ಮಾತಿನ ಕೆಲಸ. ತೆರೆಯಲಿಲ್ಲ. ಸೌಟಿನವನ ಗತಿ ನನಗೆ ಬರುತ್ತದೆ ಎಂಬ ಹೆದರಿಕೆ ಅರ್ಧ. ಇನ್ನರ್ಧ ಹೆದರಿಕೆಯಲ್ಲ, ಅದನ್ನು ಮೇಲೆಯೇ ಹೇಳಿದ್ದೇನೆ.

ಮೇಷ್ಟ್ರು, "ಹೋಗ್ಲಿ ಬಿಡ್ರಿ, ಗಾಳಿ ಗದ್ದಲದಾಗೆ ಆಗಿರ್ತದೆ," ಎಂದದ್ದಕ್ಕೆ ಸಾಹೇಬರು ಪಾಲಯ್ಯನನ್ನು ಬಿಡಿಸಲಿಲ್ಲ. ಆದರೆ ಮೊಳಕಾಲ್ಮೂರಿನ ಬೀಗದಕೈಯನ್ನು ನನ್ನ ಕೈಗೆ ಹಾಕಿ, "ನೀನು ನಿಯತ್ತಿನವಳು ಓಬಕ್ಕ," ಎಂದರು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಹಗುರವಾಗುತ್ತಿತ್ತು.

ಆ ಅಂಗಡಿಗೂ ಸಾಹೇಬರು ಅದೇ ಎರಡು ಸಾವಿರದ ಐನೂರ ಇಪ್ಪತ್ತು ಕುರ್ಚಿ ಕೊಡಿಸಿದರು. ಪಾಲಯ್ಯ ನನ್ನ ಕೈಕೆಳಗೆ ಕೆಲಸಕ್ಕೆ ಬಂದ. ಅವನಿಗೆ "ಜಾಸ್ತಿ ಪಾಲಯ್ಯ" ಎಂಬ ಹೆಸರು ಚಳ್ಳಕೆರೆಯಲ್ಲೇ ಬಿದ್ದಿತ್ತು, ಅವನ ಹಿಂದೆಯೇ ಬಸ್ಸು ಹತ್ತಿ ಮೊಳಕಾಲ್ಮೂರಿಗೂ ಬಂತು. ಹೆಣ್ಣು ನೋಡಲು ಹೋದ ಮನೆಯಲ್ಲಿ, "ಚೇರ್ ಕೊಡಬ್ಯಾಡ್ರಿ, ಚಾಪೆ ಹಾಸ್ರಿ, ಜಾಸ್ತಿ ಪಾಲಯ್ಯ ಬಂದಾನೆ," ಎಂದರಂತೆ. ಅವನೇ ಬಂದು ನಗುತ್ತಾ ಹೇಳಿದ. ನಾನೂ ನಕ್ಕೆ. ಊಟ ಸೇರಲಿಲ್ಲ. ಪುಣ್ಯಕ್ಕೆ ಆ ಮನೆಯವರೇ ಹೆಣ್ಣು ಕೊಟ್ಟರು.

ಹೀಗೆ ಎರಡು ಸಾವಿರ ಇಸವಿಯ ಆಚೆಯ ವರ್ಷಗಳೂ ಉರುಳಿದವು. ತೆಂಗಿನ ಹಗ್ಗ ಹೋಗಿ ನೈಲಾನ್ ಬಂತು. ಮರದ ಕಂಬ ಹೋಗಿ ಕಬ್ಬಿಣದ ಪೈಪು ಬಂತು. ಸಾಹೇಬರು ತೀರಿಕೊಂಡರು. ಅವರಿಗೆ ಕೊನೆಗೂ ಹೇಳಲಿಲ್ಲ. ನನ್ನ ಮಂಡಿ ಹಿಡಿದುಕೊಂಡ ಮೇಲೆ ಅಂಗಡಿಯ ಬೀಗದಕೈಯನ್ನು ಪಾಲಯ್ಯನಿಗೇ ಕೊಡಿ ಎಂದು ಸಾಹೇಬರ ಮಗಳಿಗೆ ಹೇಳಿ ಕೆಲಸ ಬಿಟ್ಟೆ. ಕೊಟ್ಟರು. ಅಷ್ಟಕ್ಕೆ ಲೆಕ್ಕ ತೀರಿತು ಎಂದು ನನಗೆ ನಾನೇ ಹೇಳಿಕೊಂಡೆ. ತೀರಿರಲಿಲ್ಲ. ಎಷ್ಟರ ಅಟ್ಟಿ ಹಾಕಿದರೂ ಒಂದು ಉಳಿಯುತ್ತಿತ್ತು.

ಪಾಲಯ್ಯ ತನ್ನ ಮಗಳ ಮದುವೆಗೆ ಕರೆಯಲು ಬಂದ ದಿನ ಟೀ ಕೊಟ್ಟು, ಎದುರಿಗೆ ಕೂತು ಹೇಳಿಬಿಟ್ಟೆ. ಮೇಷ್ಟ್ರ ಕುರ್ಚಿ ಲಾರಿಗೆ ಹಾಕಿಸಿದ್ದು ನಾನು. ಗುಬ್ಬಿ ಹೊಡೆದದ್ದು ನಾನು. ಬಾಯಿ ಮುಚ್ಚಿಕೊಂಡಿದ್ದೂ ನಾನು.

ಅವನು ಲೋಟ ಕೆಳಗಿಟ್ಟ.

"ಹದಿಮೂರರ ಅಟ್ಟಿ ಹಾಕಿ ಏಣಿ ಮ್ಯಾಲಿಂದ ನಾನು ಬಿದ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತಳಕಿನಾಗೆ ಆ ಅಜ್ಜನ್ನ ಬಗ್ಗಿಸ್ದಾಗ?"

"ಗೊತ್ತಿತ್ತು ಕಣೋ."

"ಸೊಂಟ ಇವತ್ತಿಗೂ ಹಿಡಿತೈತೆ," ಎಂದ. ಎದ್ದ. ಟೀ ಹಾಗೆಯೇ ಇತ್ತು. ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ಮದುವಿಗೆ ಬಾ. ಬರ್ದೆ ಇರ್ಬ್ಯಾಡ," ಎಂದು ಹೋದ. ಆ ಮಾತಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಮದುವೆಯ ದಿನದವರೆಗೆ ಆ ಕಡೆಯಿಂದ ಸುದ್ದಿಯಿಲ್ಲ.

ಹೋದೆ. ಹೋದವಳು ಬಾಗಿಲಲ್ಲೇ ನಿಂತೆ. ಗೋದಾಮಿನ ಕುರ್ಚಿಯನ್ನೆಲ್ಲ ತಂದು ಹಾಕಿಸಿದ್ದ, ಒಂದೂ ಬಿಡದೆ. ಅಷ್ಟು ಜನ ಎಲ್ಲಿಂದ ಬರುತ್ತಾರೆ ಎಂದು ಬೀಗರು ಕೇಳುತ್ತಿದ್ದರು. "ಜನ ಬರ್ದಿದ್ರೂ ಪರವಾಗಿಲ್ಲ, ಚೇರು ಬರ್ಬೇಕು," ಎನ್ನುತ್ತಿದ್ದ ಪಾಲಯ್ಯ. ನಾನು ಅಭ್ಯಾಸಬಲದಿಂದ ಒಂದು ಸಾಲನ್ನು ಕಣ್ಣಲ್ಲೇ ಎಣಿಸಿದೆ. ಹನ್ನೊಂದು. ಅದರ ಹಿಂದಿನದೂ ಹನ್ನೊಂದು. ಸಾಹೇಬರು ನಿಷೇಧಿಸಿದ್ದ ಶೈತಾನ್ ಸಾಲು, ಮೈದಾನದ ತುದಿಯವರೆಗೂ! ಉಳಿದ ಒಂದೇ ಒಂದು ಕುರ್ಚಿ ಎಲ್ಲಕ್ಕಿಂತ ಮುಂದೆ, ಮಂಟಪದ ಎದುರಿಗೆ, ಒಂಟಿಯಾಗಿ ನಿಂತಿತ್ತು.

"ಅಕ್ಕಾ, ಅದು ನಿಂದು. ಕುಂತ್ಕ," ಎಂದ ಪಾಲಯ್ಯ ಎಲ್ಲರಿಗೂ ಕೇಳುವಂತೆ. "ಮುಗಿಯೋವರ್ಗೂ ಏಳಂಗಿಲ್ಲ."

ಕೂತೆ. ಮದುಮಕ್ಕಳಿಗಿಂತ ಹೆಚ್ಚು ಜನ ನನ್ನನ್ನೇ ನೋಡಿದರು. ಅಕ್ಷತೆ ಹಾಕಲು ಬಂದವರೆಲ್ಲ ನನ್ನ ಮುಂದೆ ನಿಂತು, "ಯಾಕೆ ಓಬಕ್ಕ, ನಿನ್ನೊಬ್ಬಳನ್ನೇ ಇಲ್ಲಿ ಕೂರ್ಸಿದಾರೆ?" ಎಂದು ಕೇಳಿದರು. ಪಾಲಯ್ಯ ದೂರದಿಂದ ನೋಡುತ್ತಿದ್ದ. ಕೇಳಿದವರಿಗೆಲ್ಲ ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಕೆಲವರು ಬೈದರು, ಬಹಳ ಜನ ನಕ್ಕರು. ಮುದುಕರಾಗಿದ್ದ ಲೆಕ್ಕದ ಮೇಷ್ಟ್ರೂ ಬಂದಿದ್ದರು. ಸಾಲುಗಳನ್ನು ನೋಡಿ, "ಹನ್ನೊಂದರಂಗೆ ಇನ್ನೂರ ಇಪ್ಪತ್ತೊಂಬತ್ತು ಸಾಲು, ಶೇಷ ನೀವು," ಎಂದು ನನಗೆ ಕೈ ಮುಗಿದು ಊಟಕ್ಕೆ ಹೋದರು. ಊಟದ ಹೊತ್ತಿಗೆ ಜಾಸ್ತಿ ಪಾಲಯ್ಯ ಎಂದು ಕರೆಯುವವರು ಒಬ್ಬರೂ ಇರಲಿಲ್ಲ. ಜಾಸ್ತಿ ಓಬಕ್ಕ ಎನ್ನುತ್ತಿದ್ದರು.

ಎಲ್ಲ ಮುಗಿದು ಜನ ಕರಗಿದ ಮೇಲೆ ಕುರ್ಚಿ ಎತ್ತುವ ಕೆಲಸ ಶುರುವಾಯಿತು. ನಾನು ಕೂತೇ ಇದ್ದೆ. ಲಾರಿಯಲ್ಲಿ ಹತ್ತರ ಅಟ್ಟಿಗಳು ಏಳುತ್ತಾ ಹೋದವು. ಕೊನೆಗೆ ಮೈದಾನ ಬರಿದಾಗಿ ನಾನೊಬ್ಬಳು ಉಳಿದೆ. ಲಾರಿಯ ಮೇಲೆ ನಿಂತಿದ್ದ ಪಾಲಯ್ಯ ಸೊಂಟ ಹಿಡಿದುಕೊಂಡು ಕೆಳಗಿಳಿದು ನನ್ನ ಹತ್ತಿರ ಬಂದ.

"ಏಳಕ್ಕ," ಎಂದ. "ಕೊನೇ ಅಟ್ಟಿಗೆ ಒಂದು ಕಮ್ಮಿ ಐತೆ."

ನಾನು ಎದ್ದೆ. ಅವನು ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಮೇಲಿಟ್ಟ. ತಲೆ ಸಮ ಬಂತು.